ಬೆಳ್ಳಿಯ ತೆಳುಲೇಪ ಮತ್ತು ಸರ್ ಜೇಮ್ಸ್ ಡ್ಯೂವರ್

ಆಸ್ಪತ್ರೆಯಲ್ಲಿರುವ ರೋಗಿಗೆ ಮನೆಯಿಂದ ಗಂಜಿಯನ್ನೋ ಹಾಲನ್ನೋ ಒಯ್ಯಬೇಕಾದಾಗ ನಾವು ಥರ್ಮಾಸ್ ಫ್ಲಾಸ್ಕನ್ನು ಹುಡುಕುತ್ತೇವೆ. ಬೆಳಿಗ್ಗೆ ತುಂಬಿದ ಕಾಫಿ ಮಧ್ಯಾಹ್ನದವರೆಗೂ ಬಿಸಿಯಾಗಿರುವುದು ಈಗ ಯಾರಿಗೂ ಆಶ್ಚರ್ಯವಲ್ಲ. ಗಾಜಿನ ಫ್ಲಾಸ್ಕಿನ ಮುಚ್ಚಳ ತೆಗೆದು ಒಳಗೆ ಇಣುಕಿದರೆ ಕನ್ನಡಿಯಂತೆ ಹೊಳೆಯುವ ಗೋಡೆ ಕಾಣುತ್ತದೆ. ಇನ್ನೊಂದು ಕಡೆ, ಚಂದ್ರಯಾನ, ಮಂಗಳಯಾನಗಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡ ವಿದ್ಯಾರ್ಥಿಗಳು, ನೌಕೆಯ ಮೈಗೆ ಚಿನ್ನದ ಬಣ್ಣದ ಹಾಳೆ ಸುತ್ತಿರುವುದು ಏಕೆ ಎಂದು ತರಗತಿಯಲ್ಲಿ ಕೇಳುವುದುಂಟು. ಅದು ಅಲಂಕಾರಕ್ಕಾಗಿ ಸುತ್ತಿದ್ದಲ್ಲ. ಫ್ಲಾಸ್ಕಿನೊಳಗಿನ ಹೊಳಪಿಗೂ ನೌಕೆಯ ಮೈಮೇಲಿನ ಹೊಳಪಿಗೂ ತತ್ತ್ವ ಒಂದೇ. ಆ ತತ್ತ್ವವನ್ನು ಪಾತ್ರೆಯ ರೂಪಕ್ಕೆ ಇಳಿಸಿದವರು ಸರ್ ಜೇಮ್ಸ್ ಡ್ಯೂವರ್. ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಥರ್ಮಾಸ್ ಫ್ಲಾಸ್ಕನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಅವರ ಹೆಸರು ಇರುತ್ತದೆ. ಒಂದೇ ಸಾಲಿನ ಆ ಉತ್ತರದ ಹಿಂದೆ ಎಂಬತ್ತು ವರ್ಷಗಳ ಬಾಳಿದೆ. ಆ ಬಾಳಿನಿಂದ ಕಲಿಯಬೇಕಾದದ್ದೂ ಇದೆ, ಎಚ್ಚರ ಪಡೆಯಬೇಕಾದದ್ದೂ ಇದೆ. ಆದ್ದರಿಂದ ಅದನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಂದಿರಿಗೂ ಇಲ್ಲಿ ಪರಿಚಯಿಸಲು ಬಯಸುತ್ತೇವೆ.

ಸ್ಕಾಟ್ಲೆಂಡಿನ ಫೋರ್ತ್ ನದಿಯ ದಡದಲ್ಲಿ ಕಿಂಕಾರ್ಡಿನ್ ಎಂಬ ಚಿಕ್ಕ ಊರಿದೆ. ಅಲ್ಲಿ 1842ನೆಯ ಇಸವಿ ಸೆಪ್ಟೆಂಬರ್ 20ರಂದು ಜೇಮ್ಸ್ ಹುಟ್ಟಿದ. ತಂದೆ ಥಾಮಸ್ ಡ್ಯೂವರ್ ದಾರಿಹೋಕರು ತಂಗುವ ವಸತಿಗೃಹವೊಂದನ್ನು ನಡೆಸುತ್ತಿದ್ದರು. ಮನೆಯ ಗಂಡುಮಕ್ಕಳಲ್ಲಿ ಜೇಮ್ಸನೇ ಕೊನೆಯವನು. ಚಳಿಗಾಲ ಬಂತೆಂದರೆ ಆ ದೇಶದಲ್ಲಿ ನೀರು ಹೆಪ್ಪುಗಟ್ಟಿ ಗಟ್ಟಿ ನೆಲದಂತಾಗುತ್ತದೆ. ಮಕ್ಕಳು ಅದರ ಮೇಲೆ ಓಡಾಡಿ ಜಾರಿ ಆಡುತ್ತಾರೆ. ಹತ್ತು ವರ್ಷದ ಸುಮಾರಿಗೆ ಜೇಮ್ಸ್ ಹೀಗೆ ಆಡುತ್ತಿದ್ದಾಗ ಮಂಜುಗಡ್ಡೆ ಒಡೆದು ನೀರಿನೊಳಕ್ಕೆ ಬಿದ್ದ. ಪ್ರಾಣ ಉಳಿಯಿತು, ಆದರೆ ಸಂಧಿವಾತದ ಜ್ವರ ಹಿಡಿಯಿತು. ಸುಮಾರು ಎರಡು ವರ್ಷ ಆತ ಸರಿಯಾಗಿ ನಡೆಯಲಾರದವನಾದ, ಶಾಲೆ ತಪ್ಪಿತು. ಮುಂದೆ ಶೈತ್ಯವನ್ನೇ ತನ್ನ ವಿದ್ಯೆಯಾಗಿ ಮಾಡಿಕೊಂಡವನಿಗೆ ಶೈತ್ಯದ ಮೊದಲ ಪರಿಚಯವಾದದ್ದು ಹೀಗೆ.

ಓರಗೆಯ ಮಕ್ಕಳೆಲ್ಲ ಹೊರಗೆ ಆಡುತ್ತಿರುವಾಗ ಮನೆಯಲ್ಲಿ ಕುಳಿತ ಹುಡುಗನಿಗೆ ಹೊತ್ತು ಕಳೆಯುವುದು ಕಷ್ಟ. ಜೇಮ್ಸ್ ಊರಿನ ಬಡಗಿಯ ಬಳಿ ಹೋಗಿ ಕೂರತೊಡಗಿದ. ಆ ಬಡಗಿ ಅವನಿಗೆ ಪಿಟೀಲು ಮಾಡುವುದನ್ನು ಕಲಿಸಿದ. ಪಿಟೀಲಿನ ಹಲಗೆಯನ್ನು ಎಲ್ಲಿ ಎಷ್ಟು ಹೆರೆಯಬೇಕು, ಮರವನ್ನು ಒಡೆಯದಂತೆ ಹೇಗೆ ಬಾಗಿಸಬೇಕು, ಕೊನೆಗೆ ವಾರ್ನಿಷನ್ನು ಎಷ್ಟು ತೆಳ್ಳಗೆ ಬಳಿಯಬೇಕು, ಇವೆಲ್ಲ ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಬೆರಳುಗಳೇ ಕಲಿಯಬೇಕು. ರೋಗದಿಂದ ಬಿಗಿದ ಬೆರಳುಗಳಿಗೆ ಇದೇ ಮದ್ದೂ ಆಯಿತು. ತನ್ನ ಕೈಗೆ ಪ್ರಯೋಗಶಾಲೆಯ ಚಾತುರ್ಯ ಬಂದದ್ದು ಈ ಪಿಟೀಲುಗಳಿಂದಲೇ ಎಂದು ಡ್ಯೂವರ್ ದೊಡ್ಡವರಾದ ಮೇಲೂ ನಂಬಿದ್ದರು. 1854ನೆಯ ಇಸವಿಯನ್ನೂ ತನ್ನ ಹೆಸರನ್ನೂ ಬರೆದಿಟ್ಟ ಅಂಥ ಒಂದು ಪಿಟೀಲು ಬಹುಕಾಲ ಉಳಿಯಿತು. ಅದರ ಮಾತನ್ನು ನಾವು ಮುಂದೆ ಹೇಳಲಿದ್ದೇವೆ.

ಜೇಮ್ಸನಿಗೆ ಹದಿನೈದು ವರ್ಷವಾಗುವಷ್ಟರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಆದರೂ ಓದು ನಿಲ್ಲಲಿಲ್ಲ. ಡಾಲರ್ ಎಂಬ ಊರಿನ ಶಾಲೆಯಲ್ಲಿ ಕಲಿತು ಆತ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಸೇರಿದ. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಲಯನ್ ಪ್ಲೇಫೇರ್ ಅವರ ಗಮನ ಈ ಹುಡುಗನ ಮೇಲೆ ಬಿತ್ತು. ಅವರು ಅವನನ್ನು ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. 1867ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರಕ್ಕೆ ಹೋಗಿ, ಬೆಂಜೀನಿನ ರಚನೆಯನ್ನು ತಿಳಿಸಿದ ಕೆಕುಲೆಯ ಬಳಿ ಕೆಲಕಾಲ ಕೆಲಸ ಮಾಡುವ ಅವಕಾಶವೂ ಒದಗಿತು. ಹಿಂದಿರುಗಿ ಬಂದು ಎಡಿನ್‌ಬರೋದ ಪಶುವೈದ್ಯ ಕಾಲೇಜಿನಲ್ಲಿ ಅಧ್ಯಾಪಕರಾದರು. 1871ರಲ್ಲಿ ಹೆಲೆನ್ ಬ್ಯಾಂಕ್ಸ್ ಎಂಬ ಕನ್ಯೆಯೊಡನೆ ವಿವಾಹವಾಯಿತು. ಆ ದಂಪತಿಗಳಿಗೆ ಮಕ್ಕಳಾಗಲಿಲ್ಲ.

1875ರಲ್ಲಿ ಡ್ಯೂವರ್ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಎರಡು ವರ್ಷಗಳ ಬಳಿಕ, 1877ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅವರನ್ನು ರಸಾಯನಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಕರೆಯಿತು. ಎರಡು ಹುದ್ದೆಗಳನ್ನೂ ಅವರು ಕೊನೆಯುಸಿರಿನವರೆಗೆ ಉಳಿಸಿಕೊಂಡರು. ಆದರೆ ಅವರ ಮನಸ್ಸು ನೆಲೆಸಿದ್ದು ಲಂಡನ್ನಿನಲ್ಲಿ. ರಾಯಲ್ ಇನ್‌ಸ್ಟಿಟ್ಯೂಷನ್ ಸಾಮಾನ್ಯ ಸಂಸ್ಥೆಯಲ್ಲ. ಶಾಖದ ಸ್ವರೂಪವನ್ನು ಶೋಧಿಸಿದ ಕೌಂಟ್ ರಮ್‌ಫರ್ಡ್ ಅದನ್ನು 1799ರಲ್ಲಿ ಕಟ್ಟಿಬೆಳೆಸಲು ಮುಂದಾದವರು. ಹಂಫ್ರಿ ಡೇವಿ, ಮೈಕೇಲ್ ಫ್ಯಾರಡೆ ಅಲ್ಲಿಯೇ ದುಡಿದವರು. ಡ್ಯೂವರ್ ಕುಳಿತ ಪೀಠದಲ್ಲಿ ಮೊಟ್ಟಮೊದಲು ಕುಳಿತವರು ಫ್ಯಾರಡೆ. ಅಂಥವರ ಜಾಗದಲ್ಲಿ ಕುಳಿತುಕೊಳ್ಳುವುದು ಗೌರವ. ಅದಕ್ಕೆ ತಕ್ಕಂತೆ ದುಡಿಯುವುದು ಭಾರ. ಡ್ಯೂವರ್ ಆ ಭಾರವನ್ನು ಹೊತ್ತರು.

ಆಗ ವಿಜ್ಞಾನಿಗಳನ್ನು ಕಾಡುತ್ತಿದ್ದ ಪ್ರಶ್ನೆಯೊಂದಿತ್ತು. ಆವಿಯನ್ನು ತಣಿಸಿದರೆ ನೀರಾಗುತ್ತದೆ. ಹಾಗೆಯೇ ಎಲ್ಲ ಅನಿಲಗಳನ್ನೂ ತಣಿಸಿ ದ್ರವವಾಗಿಸಬಹುದೇ? ಫ್ಯಾರಡೆ ಹಲವು ಅನಿಲಗಳನ್ನು ದ್ರವವಾಗಿಸಿದ್ದರು. ಆದರೆ ಆಮ್ಲಜನಕ, ಸಾರಜನಕ, ಜಲಜನಕಗಳಂಥ ಕೆಲವು ಯಾವ ಉಪಾಯಕ್ಕೂ ಬಗ್ಗಲಿಲ್ಲ. ಅವುಗಳಿಗೆ ಶಾಶ್ವತ ಅನಿಲಗಳೆಂದೇ ಹೆಸರಾಯಿತು. 1877ರಲ್ಲಿ ಫ್ರಾನ್ಸಿನ ಕೈಯೆಟೆ ಮತ್ತು ಸ್ವಿಟ್ಜರ್ಲೆಂಡಿನ ಪಿಕ್ಟೆ ಆಮ್ಲಜನಕವನ್ನು ಕ್ಷಣಮಾತ್ರ ಮಂಜಿನ ಹನಿಗಳಾಗಿ ಕಂಡರು. 1883ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಇಬ್ಬರು ವಿಜ್ಞಾನಿಗಳು ಅದನ್ನು ದ್ರವವಾಗಿ ಕೊಳವೆಯಲ್ಲಿ ನಿಲ್ಲಿಸಿ ತೋರಿಸಿದರು. ಡ್ಯೂವರ್ ಇನ್ನೂ ಮುಂದೆ ಹೋಗಿ, ದ್ರವ ಆಮ್ಲಜನಕವನ್ನು ಬಟ್ಟಲುಗಟ್ಟಲೆ ತಯಾರಿಸುವ ಯಂತ್ರವನ್ನು ಕಟ್ಟಿದರು. 1891ರಲ್ಲಿ ಫ್ಯಾರಡೆಯ ಜನ್ಮಶತಾಬ್ದಿ ಬಂದಾಗ ತುಂಬಿದ ಸಭೆಯ ಮುಂದೆ ಆ ತಿಳಿನೀಲಿ ದ್ರವವನ್ನು ಪ್ರದರ್ಶಿಸಿದರು.

ಆದರೆ ಮಾಡುವುದು ಒಂದು ಕಷ್ಟವಾದರೆ ಇಟ್ಟುಕೊಳ್ಳುವುದು ಇನ್ನೊಂದು ಕಷ್ಟ. ದ್ರವ ಆಮ್ಲಜನಕ ಸೊನ್ನೆಗಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಅದಕ್ಕೆ ನಮ್ಮ ತಂಪಾದ ಕೋಣೆಯೂ ಉರಿಯುವ ಒಲೆಯೇ. ಸಾಮಾನ್ಯ ಗಾಜಿನ ಬಟ್ಟಲಿಗೆ ಸುರಿದರೆ ಕೂಡಲೇ ಬುಸುಗುಟ್ಟಿ ಕುದಿದು ಹಾರಿಹೋಗುತ್ತಿತ್ತು. ಜೊತೆಗೆ ಬಟ್ಟಲಿನ ಹೊರಮೈಗೆ ಹಿಮ ಕಟ್ಟಿ ಒಳಗಿರುವುದು ಕಾಣಿಸದಂತಾಗುತ್ತಿತ್ತು. ಇಷ್ಟು ಶ್ರಮದಿಂದ ಗಳಿಸಿದ್ದನ್ನು ಪರೀಕ್ಷಿಸಲು ಬಿಡುವೇ ಇಲ್ಲದಿದ್ದರೆ ಗಳಿಸಿದ ಫಲವೇನು?

ಶಾಖ ಮೂರು ದಾರಿಗಳಲ್ಲಿ ಸಾಗುತ್ತದೆಂದು ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದಿದ್ದಾರೆ. ಒಲೆಯಲ್ಲಿಟ್ಟ ಸೌಟಿನ ಹಿಡಿ ಬಿಸಿಯಾಗುವುದು ವಹನ. ಕೆಳಗೆ ಕಾದ ನೀರು ಮೇಲಕ್ಕೇರಿ ಇಡೀ ಹಂಡೆ ಕಾಯುವುದು ಸಂವಹನ. ನಡುವೆ ಏನೂ ಇಲ್ಲದಿದ್ದರೂ ಸೂರ್ಯನ ಬಿಸಿ ನಮ್ಮನ್ನು ಮುಟ್ಟುವುದು ವಿಕಿರಣ. ಮೊದಲಿನ ಎರಡಕ್ಕೆ ಯಾವುದಾದರೂ ವಸ್ತು ಬೇಕು, ಗಾಳಿಯಾದರೂ ಬೇಕು. ಗಾಳಿಯನ್ನೇ ತೆಗೆದುಬಿಟ್ಟರೆ ಆ ಎರಡು ದಾರಿಗಳೂ ಮುಚ್ಚಿದಂತೆ. ಡ್ಯೂವರ್ ಎಡಿನ್‌ಬರೋದಲ್ಲಿದ್ದಾಗಲೇ ನಿರ್ವಾತವನ್ನು ಸುತ್ತ ಹೊದಿಸಿದ ಪಾತ್ರೆಯೊಂದನ್ನು ಬೇರೆ ಪ್ರಯೋಗಕ್ಕಾಗಿ ಬಳಸಿದ್ದರು. ಅದು ಈಗ ನೆನಪಿಗೆ ಬಂತು. 1892ರಲ್ಲಿ ಅವರು ಒಂದರೊಳಗೊಂದು ಕೂರುವ ಎರಡು ಗಾಜಿನ ಪಾತ್ರೆಗಳನ್ನು ಬಾಯಿಯ ಬಳಿ ಮಾತ್ರ ಬೆಸೆಸಿ, ನಡುವಿನ ಗಾಳಿಯನ್ನು ಹೊರತೆಗೆದು ಮುದ್ರೆ ಹಾಕಿದರು. ಅದರಲ್ಲಿ ಸುರಿದ ದ್ರವ ಶಾಂತವಾಗಿ ನಿಂತಿತು. ಹೊರಮೈಗೆ ಹಿಮವೂ ಕಟ್ಟಲಿಲ್ಲ. ಒಳಕ್ಕೆ ನುಗ್ಗುವ ಶಾಖ ಐದರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಹೆಚ್ಚಿನವರು ಇಲ್ಲಿಗೇ ತೃಪ್ತರಾಗುತ್ತಿದ್ದರು. ಡ್ಯೂವರ್ ಆಗಲಿಲ್ಲ. ಮೂರನೆಯ ದಾರಿ ಇನ್ನೂ ತೆರೆದಿತ್ತು. ನಿರ್ವಾತವನ್ನು ಹೆಚ್ಚಿಸಲು ಅವರು ಎರಡು ಗೋಡೆಗಳ ನಡುವೆ ಪಾದರಸದ ಆವಿಯನ್ನು ತುಂಬಿ ತಣಿಸುತ್ತಿದ್ದರು. ಆಗ ಪಾದರಸ ಗಾಜಿನ ಮೇಲೆ ಕನ್ನಡಿಯಂತೆ ಕೂರುತ್ತಿತ್ತು. ಹಾಗೆ ಕನ್ನಡಿ ಕಟ್ಟಿದ ಪಾತ್ರೆಗಳಲ್ಲಿ ದ್ರವ ಇನ್ನೂ ನಿಧಾನವಾಗಿ ಆವಿಯಾಗುವುದನ್ನು ಅವರು ಗಮನಿಸಿದರು. ಹೊಳೆಯುವ ಲೋಹ ಶಾಖದ ಕಿರಣಗಳನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. ತಾನೂ ಶಾಖವನ್ನು ಬಹಳ ಕಡಿಮೆ ಹೊರಸೂಸುತ್ತದೆ. ಹಾಗಾದರೆ ಬೇಕೆಂದೇ ಕನ್ನಡಿ ಕಟ್ಟಬಾರದೇಕೆ? ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವಂತೆ ಅವರು ನಿರ್ವಾತದ ಕಡೆಗಿರುವ ಗಾಜಿನ ಮೈಗೆ ಬೆಳ್ಳಿಯ ತೆಳುಲೇಪ ಕೊಡಿಸಿದರು. ನಿರ್ವಾತವನ್ನೂ ದಾಟಿ ಬರುತ್ತಿದ್ದ ಶಾಖ ಮತ್ತೆ ಆರರಲ್ಲಿ ಒಂದು ಪಾಲಾಯಿತು. ನಿರ್ವಾತ ಮತ್ತು ಬೆಳ್ಳಿ ಎರಡೂ ಸೇರಿ ನೂರು ಪಾಲು ಶಾಖದಲ್ಲಿ ಸುಮಾರು ಮೂರು ಪಾಲು ಮಾತ್ರ ಒಳಹೋಗುವಂತೆ ಮಾಡಿದವು. ಅಷ್ಟಕ್ಕೆ ಬೇಕಾದ ಬೆಳ್ಳಿ ಎಷ್ಟು? ಉಗುರಿನಿಂದ ಗೀರಿದರೆ ಹೋಗುವಷ್ಟು. ತೆಳ್ಳಗಿನ ಲೇಪವನ್ನು ಅಲ್ಪವೆಂದು ಎಣಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ಡ್ಯೂವರ್ ಈ ಪಾತ್ರೆಗೆ ಪೇಟೆಂಟು ಪಡೆಯಲಿಲ್ಲ. ಅವರ ಕಣ್ಣಿಗೆ ಅದು ಪ್ರಯೋಗಶಾಲೆಯ ಉಪಕರಣ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂಬಂತೆ ಬಿಟ್ಟರು. ಜರ್ಮನಿಯಲ್ಲಿ ಗಾಜು ಊದುವ ಕೆಲಸದಲ್ಲಿ ನಿಪುಣರಾಗಿದ್ದ ರೈನ್‌ಹೋಲ್ಡ್ ಬರ್ಗರ್ ಎಂಬವರು, ತಣ್ಣಗಿರುವುದನ್ನು ತಣ್ಣಗಿಡುವ ಪಾತ್ರೆ ಬಿಸಿಯಾಗಿರುವುದನ್ನು ಬಿಸಿಯಾಗಿಯೂ ಇಡುತ್ತದೆಂದು ಅರಿತರು. ಅದಕ್ಕೆ ಲೋಹದ ಕವಚ ತೊಡಿಸಿ ಪೇಟೆಂಟು ಪಡೆದು, 1904ರಲ್ಲಿ ಥರ್ಮಾಸ್ ಎಂಬ ಹೆಸರಿನಲ್ಲಿ ವ್ಯಾಪಾರ ಆರಂಭಿಸಿದರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಬಿಸಿ ಎಂದೇ ಅರ್ಥ. ಫ್ಲಾಸ್ಕುಗಳು ಲಕ್ಷಗಟ್ಟಲೆ ಮಾರಾಟವಾದವು. ಡ್ಯೂವರ್ ನ್ಯಾಯಾಲಯದ ಮೆಟ್ಟಿಲೇರಿದರು. ಇದನ್ನು ಕಂಡುಹಿಡಿದವರು ಅವರೇ ಎಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಪೇಟೆಂಟು ಇರಲಿಲ್ಲ, ಮೊಕದ್ದಮೆ ಸೋತಿತು. ಲೋಕದ ಮನೆಮನೆಗಳನ್ನು ಹೊಕ್ಕ ವಸ್ತುವಿನಿಂದ ಅದರ ಕರ್ತೃವಿಗೆ ಹಣ ಬರಲಿಲ್ಲ.

ಇದಕ್ಕೆ ಮುಂಚೆ ಇನ್ನೊಂದು ಮೊಕದ್ದಮೆಯಲ್ಲಿ ಅವರು ಎದುರು ಪಕ್ಷದಲ್ಲಿದ್ದರು ಎಂಬುದನ್ನೂ ಹೇಳಬೇಕು. 1889ರಲ್ಲಿ ಅವರು ಫ್ರೆಡರಿಕ್ ಏಬಲ್ ಅವರೊಡನೆ ಸೇರಿ ಬ್ರಿಟಿಷ್ ಸೇನೆಗಾಗಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಸಿಡಿಮದ್ದನ್ನು ತಯಾರಿಸಿದ್ದರು. ಇದು ತನ್ನ ಮದ್ದಿನ ಅನುಕರಣೆಯೆಂದು ಆಲ್ಫ್ರೆಡ್ ನೊಬೆಲ್ ಅವರ ಕಡೆಯವರು ದಾವೆ ಹೂಡಿದರು. 1895ರಲ್ಲಿ ಅವರಿಗೆ ಸೋಲಾಯಿತು. ಒಂದು ಕಡೆ ಗೆದ್ದವರು ಇನ್ನೊಂದು ಕಡೆ ಸೋತರು. ಒಂದು ಕೈಯಿಂದ ಯುದ್ಧದ ಮದ್ದನ್ನು, ಇನ್ನೊಂದು ಕೈಯಿಂದ ಮಗುವಿನ ಹಾಲನ್ನು ಕಾಯುವ ಪಾತ್ರೆಯನ್ನು ಕೊಟ್ಟವರು ಒಬ್ಬರೇ. ವಿಜ್ಞಾನಿಯ ಬಾಳನ್ನು ಬರೆಯುವಾಗ ಇವೆರಡನ್ನೂ ಮರೆಮಾಚದೆ ಹೇಳುವುದು ಸತ್ಯಕ್ಕೆ ಸಲ್ಲುವ ಮರ್ಯಾದೆ ಎಂದು ನಾವು ತಿಳಿಯುತ್ತೇವೆ.

ಬೆಳ್ಳಿ ಲೇಪಿಸಿದ ಪಾತ್ರೆ ಕೈಗೆ ಬಂದ ಮೇಲೆ ಡ್ಯೂವರ್ ಇನ್ನೂ ಆಳದ ಶೈತ್ಯಕ್ಕೆ ಇಳಿದರು. 1898ರ ಮೇ 10ರಂದು ಅವರ ಪಾತ್ರೆಯಲ್ಲಿ ದ್ರವ ಜಲಜನಕ ಸಂಗ್ರಹವಾಯಿತು. ಅದರ ಕುದಿಬಿಂದು ಸೊನ್ನೆಗಿಂತ 253 ಡಿಗ್ರಿ ಕೆಳಗೆ. ಮರುವರ್ಷ ಅದನ್ನು ಗಟ್ಟಿಯಾಗಿಯೂ ಹೆಪ್ಪುಗಟ್ಟಿಸಿದರು. ಮುಂದೆ 1905ರ ಹೊತ್ತಿಗೆ, ತಣಿಸಿದ ಇದ್ದಿಲು ಉಳಿದ ಗಾಳಿಯನ್ನೆಲ್ಲ ಹೀರಿಕೊಂಡು ನಿರ್ವಾತವನ್ನು ಶುದ್ಧಗೊಳಿಸುತ್ತದೆಂದು ತೋರಿಸಿದರು. ಇದರಿಂದ ಒಡೆಯುವ ಗಾಜಿಗೆ ಬದಲು ಲೋಹದಲ್ಲಿಯೂ ಇಂಥ ಪಾತ್ರೆ ಮಾಡುವುದು ಸಾಧ್ಯವಾಯಿತು. ಈ ಕೆಲಸ ಅಪಾಯದ್ದು. ಸಿಡಿತಗಳಾದವು. ಅವರ ಸಹಾಯಕರಾದ ಲೆನಾಕ್ಸ್ ಮತ್ತು ಹೀತ್ ಇಬ್ಬರೂ ಒಂದೊಂದು ಕಣ್ಣನ್ನು ಕಳೆದುಕೊಂಡರು. ಪುಸ್ತಕಗಳಲ್ಲಿ ಶೋಧಕನ ಹೆಸರು ದೊಡ್ಡ ಅಕ್ಷರಗಳಲ್ಲಿರುತ್ತದೆ. ಕಣ್ಣು ಕೊಟ್ಟವರ ಹೆಸರು ಅಡಿಯಲ್ಲೂ ಇರುವುದಿಲ್ಲ. ಆದ್ದರಿಂದ ಅವರ ಹೆಸರನ್ನು ನಾವು ಇಲ್ಲಿ ಬರೆದಿದ್ದೇವೆ.

ಇನ್ನು ಉಳಿದದ್ದು ಹೀಲಿಯಂ ಒಂದೇ. ಇಲ್ಲಿ ಡ್ಯೂವರ್ ಸೋತರು. ಸೋಲಿಗೆ ಅವರ ಸ್ವಭಾವವೂ ಒಂದು ಕಾರಣ. ಅವರು ಮಹಾ ಮುಂಗೋಪಿ. ವಾದವೆದ್ದರೆ ಬಿಟ್ಟುಕೊಡುವವರಲ್ಲ. ಅನಿಲಗಳನ್ನು ತಣಿಸುವ ವಿಧಾನದ ವಿಷಯದಲ್ಲಿ ಹ್ಯಾಂಪ್ಸನ್ ಎಂಬವರೊಡನೆ ಜಗಳವಾಯಿತು. ಹ್ಯಾಂಪ್ಸನ್ನರ ಪಕ್ಷ ವಹಿಸಿದ ವಿಲಿಯಂ ರಾಮ್ಸೆಯವರೊಡನೆಯೂ ಮನಸ್ಸು ಮುರಿಯಿತು. ಭೂಮಿಯ ಮೇಲೆ ಹೀಲಿಯಮನ್ನು 1895ರಲ್ಲಿ ಕಂಡುಹಿಡಿದವರು ಇದೇ ರಾಮ್ಸೆ. ಅನಿಲಗಳನ್ನು ಶುದ್ಧಿಮಾಡುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಇಬ್ಬರೂ ಇದ್ದದ್ದು ಒಂದೇ ಲಂಡನ್ ನಗರದಲ್ಲಿ. ಒಬ್ಬರ ಹತ್ತಿರ ಹೀಲಿಯಂ, ಇನ್ನೊಬ್ಬರ ಹತ್ತಿರ ಅದನ್ನು ತಣಿಸುವ ವಿದ್ಯೆ, ನಡುವೆ ಮಾತಿಲ್ಲ. ಡ್ಯೂವರ್ ಬಾತ್ ಎಂಬ ಊರಿನ ಬಿಸಿನೀರಿನ ಬುಗ್ಗೆಗಳಿಂದ ಹೀಲಿಯಮನ್ನು ಸಂಗ್ರಹಿಸಿದರು. ಅದರಲ್ಲಿ ಬೆರೆತಿದ್ದ ನಿಯಾನ್ ಹೆಪ್ಪುಗಟ್ಟಿ ಕೊಳವೆಗಳನ್ನು ಕಟ್ಟಿಹಾಕಿತು.

ಅದೇ ವೇಳೆಗೆ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನೆಸ್ ಬೇರೊಂದು ರೀತಿಯಲ್ಲಿ ದುಡಿಯುತ್ತಿದ್ದರು. ಅವರು ಪ್ರಯೋಗಶಾಲೆಯ ಜೊತೆಯಲ್ಲಿಯೇ ಉಪಕರಣ ಮಾಡುವವರಿಗೂ ಗಾಜು ಊದುವವರಿಗೂ ಶಾಲೆ ತೆರೆದಿದ್ದರು; ಹಲವರ ಕೈಗಳನ್ನು ಕೂಡಿಸಿ ಕೆಲಸ ಮಾಡಿಸುತ್ತಿದ್ದರು. 1908ರ ಜುಲೈ 10ರಂದು ಅಲ್ಲಿ ಹೀಲಿಯಂ ದ್ರವವಾಯಿತು. ಅದು ಸಂಗ್ರಹವಾದದ್ದು ಡ್ಯೂವರ್ ಕಂಡುಹಿಡಿದ ಮಾದರಿಯ ಪಾತ್ರೆಯಲ್ಲಿಯೇ. 1913ರ ನೊಬೆಲ್ ಬಹುಮಾನ ಓನೆಸರಿಗೆ ಬಂತು. ಡ್ಯೂವರ್ ಅವರ ಹೆಸರು ಆ ಬಹುಮಾನಕ್ಕೆ ಹಲವು ಸಲ ಸೂಚಿತವಾದರೂ ಒಮ್ಮೆಯೂ ಬರಲಿಲ್ಲ. ಪಾತ್ರೆಯೊಳಕ್ಕೆ ಶಾಖ ನುಗ್ಗದಂತೆ ತಡೆದ ಕೈಗೆ ತನ್ನ ಕೋಪದ ಕಾವನ್ನು ತಡೆಯಲಾಗಲಿಲ್ಲ. ಹಲವು ವರ್ಷ ಜೊತೆಗಿದ್ದ ಲೆನಾಕ್ಸ್ ಕೂಡ ಕೊನೆಗೆ ಬಿಟ್ಟು ಹೋದರು. ಅವರ ವಿದ್ಯೆಯನ್ನು ಮುಂದುವರಿಸುವ ಶಿಷ್ಯಪರಂಪರೆ ಬೆಳೆಯಲಿಲ್ಲ.

ಹಾಗೆಂದು ಅವರಿಗೆ ಗೌರವಗಳು ಸಲ್ಲಲಿಲ್ಲವೆಂದಲ್ಲ. 1894ರಲ್ಲಿ ರಾಯಲ್ ಸೊಸೈಟಿಯ ರಮ್‌ಫರ್ಡ್ ಪದಕ, 1904ರಲ್ಲಿ ಸರ್ ಪದವಿ, 1916ರಲ್ಲಿ ಕೋಪ್ಲೆ ಪದಕ ಬಂದವು. ಮಕ್ಕಳಿಗಾಗಿ ಕ್ರಿಸ್‌ಮಸ್ ರಜೆಯಲ್ಲಿ ನಡೆಯುವ ಉಪನ್ಯಾಸಗಳನ್ನು ಅವರು ಹಲವು ವರ್ಷ ಕೊಟ್ಟರು. 1878ರ ಉಪನ್ಯಾಸಮಾಲೆಯ ವಿಷಯ ಸಾಬೂನಿನ ಗುಳ್ಳೆ. ಮೊದಲನೆಯ ಮಹಾಯುದ್ಧದಿಂದಾಗಿ ದುಬಾರಿ ಪ್ರಯೋಗಗಳು ನಿಂತುಹೋದಾಗ ಅವರು ಆ ಗುಳ್ಳೆಗಳಿಗೇ ಮರಳಿದರು. ಗಾಳಿಯಾಡದ ಪಾತ್ರೆಗಳಲ್ಲಿ ಗುಳ್ಳೆಗಳನ್ನು ತಿಂಗಳುಗಟ್ಟಲೆ ಒಡೆಯದಂತೆ ಇಟ್ಟು ಆ ತೆಳುಪೊರೆಯನ್ನು ಅಭ್ಯಸಿಸಿದರು. ಎಂಬತ್ತರ ಸಮೀಪ ಬಂದ ಮೇಲೂ ಸಂಸ್ಥೆಯ ಮೇಲಂತಸ್ತಿಗೆ ಹತ್ತಿ, ಸೂಕ್ಷ್ಮ ಉಪಕರಣವೊಂದನ್ನಿಟ್ಟು, ಆಕಾಶದಿಂದ ಹಗಲಿರುಳು ಬರುವ ಶಾಖದ ವಿಕಿರಣವನ್ನು ಅಳೆಯುತ್ತಿದ್ದರು. 1921ರಲ್ಲಿ ಅವರ ವಿವಾಹದ ಸುವರ್ಣೋತ್ಸವ ನಡೆಯಿತು. ಆ ಸಂಭ್ರಮದಲ್ಲಿ ನುಡಿಸಿದ ಪಿಟೀಲು, ಹನ್ನೆರಡರ ಪ್ರಾಯದ ಹುಡುಗನೊಬ್ಬ 1854ರಲ್ಲಿ ಮಾಡಿಟ್ಟ ಅದೇ ಪಿಟೀಲು. 1923ರ ಮಾರ್ಚ್ 27ರಂದು ಸರ್ ಜೇಮ್ಸ್ ಡ್ಯೂವರ್ ಲಂಡನ್ನಿನಲ್ಲಿ ತೀರಿಕೊಂಡರು.

ಅವರು ತೀರಿಕೊಂಡಾಗ ಮನುಷ್ಯನ ಕೈಯ ಯಾವ ವಸ್ತುವೂ ಅಂತರಿಕ್ಷಕ್ಕೆ ಹೋಗಿರಲಿಲ್ಲ. ಮೂವತ್ತನಾಲ್ಕು ವರ್ಷಗಳ ಬಳಿಕ, 1957ರಲ್ಲಿ, ಮೊದಲ ಕೃತಕ ಉಪಗ್ರಹ ಹಾರಿತು. ಅಂತರಿಕ್ಷವೆಂದರೆ ಕೊನೆಯಿಲ್ಲದ ನಿರ್ವಾತ. ಡ್ಯೂವರ್ ಪಂಪು ಹಾಕಿ, ಇದ್ದಿಲು ಇಟ್ಟು ಶ್ರಮಪಟ್ಟು ಗಳಿಸಿದ್ದು ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಮೂರನೆಯ ದಾರಿಯಾದ ವಿಕಿರಣ ಅಲ್ಲಿಯೂ ತೆರೆದೇ ಇದೆ. ಭೂಮಿಯ ಸಮೀಪದ ಅಂತರಿಕ್ಷದಲ್ಲಿ ಸೂರ್ಯನಿಗೆ ಎದುರಾಗಿರುವ ಒಂದು ಚದರ ಮೀಟರ್ ಮೈಗೆ ಸುಮಾರು 1,361 ವಾಟ್ ಶಕ್ತಿ ಬೀಳುತ್ತದೆ. ತಕ್ಕ ಹೊದಿಕೆಯಿಲ್ಲದ ನೌಕೆಯ ಬಿಸಿಲು ಬಿದ್ದ ಮೈ ನೂರು ಡಿಗ್ರಿ ದಾಟಬಹುದು. ನೆರಳಿನ ಮೈ ಸೊನ್ನೆಗಿಂತ ನೂರು ಡಿಗ್ರಿ ಕೆಳಕ್ಕೂ ಇಳಿಯಬಹುದು. ತಣಿಸಲು ಗಾಳಿಯಿಲ್ಲ. ಒಳಗಿನ ಬ್ಯಾಟರಿಗೂ ಯಂತ್ರಗಳಿಗೂ ನಮ್ಮಂತೆಯೇ ಹದವಾದ ಉಷ್ಣತೆ ಬೇಕು. ಆದ್ದರಿಂದ ನೌಕೆಯ ಮೈಗೆ ಯಾವ ಲೇಪ ಎಂಬುದು ಅದರ ಉಳಿವಿನ ಪ್ರಶ್ನೆಯೇ ಆಗುತ್ತದೆ.

ಲೇಪವನ್ನು ಆರಿಸುವಾಗ ಎರಡು ಲೆಕ್ಕಗಳನ್ನು ನೋಡುತ್ತಾರೆ. ಅದು ಬಿಸಿಲನ್ನು ಎಷ್ಟು ಹೀರುತ್ತದೆ ಎಂಬುದು ಒಂದು; ತನ್ನ ಶಾಖವನ್ನು ಎಷ್ಟು ಹೊರಸೂಸುತ್ತದೆ ಎಂಬುದು ಇನ್ನೊಂದು. ಒಳ್ಳೆಯ ಬಿಳಿ ಬಣ್ಣ ಬಿಸಿಲಿನ ಐದರಲ್ಲಿ ಒಂದು ಪಾಲಿನಷ್ಟನ್ನು ಮಾತ್ರ ಹೀರಿ, ಶಾಖವನ್ನು ಧಾರಾಳವಾಗಿ ಹೊರಗೆ ಕಳಿಸುತ್ತದೆ. ತಾರಸಿಗೆ ಸುಣ್ಣ ಬಳಿದರೆ ಮನೆ ತಂಪಾಗುವುದು ಇದರಿಂದಲೇ. ಕಪ್ಪು ಬಣ್ಣ ಎರಡನ್ನೂ ಹೆಚ್ಚಾಗಿ ಮಾಡುತ್ತದೆ. ಬರಿಯ ಹೊಳೆಯುವ ಲೋಹ ಬಿಸಿಲನ್ನು ಕಡಿಮೆ ಹೀರಿದರೂ ಹೊರಗೆ ಬಿಡುವುದು ಅದಕ್ಕಿಂತ ಕಡಿಮೆ. ಆದ್ದರಿಂದ ಬಿಸಿಲಿನಲ್ಲಿ ಅದು ಮೆಲ್ಲಮೆಲ್ಲನೆ ಕಾದೇ ಕಾಯುತ್ತದೆ. 1958ರಲ್ಲಿ ಅಮೆರಿಕ ಹಾರಿಸಿದ ಎಕ್ಸ್‌ಪ್ಲೋರರ್ 1 ಉಪಗ್ರಹದ ಮೈಮೇಲೆ ಬಿಳಿಯ ಪಟ್ಟೆಗಳಿದ್ದವು. ಅವು ಅಲ್ಯುಮಿನಿಯಂ ಆಕ್ಸೈಡಿನ ಲೇಪ. ಲೋಹವೆಷ್ಟು, ಬಿಳುಪೆಷ್ಟು ಎಂದು ಲೆಕ್ಕಹಾಕಿ ಒಳಗಿನ ಉಷ್ಣತೆಯನ್ನು ಹದಗೊಳಿಸಿದ್ದರು.

ಇನ್ನು ಚಿನ್ನದ ಬಣ್ಣದ ಹಾಳೆ. ಅದು ಸಾಮಾನ್ಯವಾಗಿ ಚಿನ್ನವಲ್ಲ. ಕ್ಯಾಪ್ಟನ್ ಎಂದು ಕೇಳಿಸುವಂತಹ ಹೆಸರಿನ ಕ್ಯಾಪ್ಟಾನ್ ಎಂಬ ಜೇನುಬಣ್ಣದ ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಅಲ್ಯುಮಿನಿಯಮಿನ ಲೇಪವಿರುತ್ತದೆ. ಜೇನುಬಣ್ಣದ ಮೂಲಕ ಅಲ್ಯುಮಿನಿಯಂ ಹೊಳೆದಾಗ ಚಿನ್ನದಂತೆ ಕಾಣುತ್ತದೆ. ಲೇಪದ ದಪ್ಪ ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಂಥ ಹತ್ತಿಪ್ಪತ್ತು ಹಾಳೆಗಳನ್ನು ಒಂದಕ್ಕೊಂದು ಹೆಚ್ಚು ತಾಗದಂತೆ ನಡುವೆ ತೆಳುವಾದ ಬಲೆ ಇಟ್ಟು ಕೌದಿಯಂತೆ ಹೊಲಿಯುತ್ತಾರೆ. ಪ್ರತಿಯೊಂದು ಹಾಳೆಯೂ ಡ್ಯೂವರ್ ಪಾತ್ರೆಯ ಒಂದು ಬೆಳ್ಳಿಗೋಡೆ. ಹಾಳೆಗಳ ನಡುವಿನ ಜಾಗ ಅದರ ನಿರ್ವಾತ. ಈ ಕೌದಿ 1950ರ ದಶಕದಲ್ಲಿ ಬೆಳೆದದ್ದೂ ದ್ರವ ಜಲಜನಕದಂಥ ತಣ್ಣನೆಯ ದ್ರವಗಳನ್ನು ಕಾಪಾಡುವ ಕೆಲಸದಿಂದಲೇ. ವಂಶ ಬೇರೆಯಲ್ಲ.

ಹೊದಿಕೆ ತಪ್ಪಿದರೆ ಏನಾಗುತ್ತದೆಂಬುದನ್ನು 1973ರ ಮೇ 14ರಂದು ಹಾರಿದ ಸ್ಕೈಲ್ಯಾಬ್ ತೋರಿಸಿತು. ಉಲ್ಕಾಕಣಗಳಿಂದಲೂ ಬಿಸಿಲಿನಿಂದಲೂ ಕಾಪಾಡಬೇಕಾಗಿದ್ದ ಅದರ ಹೊರಕವಚ ಏರುವಾಗಲೇ ಕಿತ್ತುಹೋಯಿತು. ಒಳಗಿನ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟಿತು. ಹನ್ನೊಂದು ದಿನಗಳ ಬಳಿಕ ಹೋದ ಮೂವರು ಗಗನಯಾತ್ರಿಗಳು ಸಣ್ಣ ಕಿಂಡಿಯೊಂದರಿಂದ ಕೊಡೆಯಂಥ ಹೊದಿಕೆಯನ್ನು ಹೊರಕ್ಕೆ ತೂರಿ ಬಿಡಿಸಿದರು. ತೆಳುವಾದ ಆ ಕೊಡೆಯ ನೆರಳಿನಲ್ಲಿ ಮನೆಯಂಥ ದೊಡ್ಡ ನಿಲ್ದಾಣ ತಂಪಾಯಿತು. ಜನ ವಾಸಿಸಲು ಸಾಧ್ಯವಾಯಿತು.

ಲೇಪಗಳಿಗೂ ಆಯುಸ್ಸಿದೆ. ಸೂರ್ಯನ ಅತಿನೇರಳೆ ಕಿರಣಗಳು ಬಿಳಿ ಬಣ್ಣವನ್ನು ವರ್ಷಗಟ್ಟಲೆ ಹೊಡೆದು ಕಂದಿಸುತ್ತವೆ. ಕಂದಿದಷ್ಟೂ ಅದು ಹೆಚ್ಚು ಬಿಸಿಲು ಹೀರುತ್ತದೆ. ಭೂಮಿಗೆ ಸಮೀಪದ ಕಕ್ಷೆಗಳಲ್ಲಿ ಒಂಟಿ ಪರಮಾಣುಗಳಾಗಿ ಒಡೆದ ಆಮ್ಲಜನಕವಿದೆ. ಸೆಕೆಂಡಿಗೆ ಎಂಟು ಕಿಲೋಮೀಟರಿನಷ್ಟು ವೇಗದಲ್ಲಿ ನೌಕೆ ಅದಕ್ಕೆ ಢಿಕ್ಕಿ ಹೊಡೆಯುವಾಗ ಪ್ಲಾಸ್ಟಿಕ್ ಹಾಳೆ ಸವೆಯುತ್ತದೆ, ಬರಿಯ ಬೆಳ್ಳಿ ಕಿಲುಬು ಹಿಡಿದು ಉದುರುತ್ತದೆ. ಡ್ಯೂವರ್ ಬೆಳ್ಳಿಯ ಕಾವಲಿನಲ್ಲಿ ಕೂಡಿಟ್ಟ ಅದೇ ಆಮ್ಲಜನಕ ಅಲ್ಲಿ ಬೆಳ್ಳಿಗೆ ವೈರಿ. ಆದ್ದರಿಂದ ಬೆಳ್ಳಿಯನ್ನು ಸ್ಫಟಿಕದಂಥ ಗಾಜಿನ ಹಿಂದೆ ಅಡಗಿಸಿ ಕನ್ನಡಿ ಮಾಡುತ್ತಾರೆ; ಪ್ಲಾಸ್ಟಿಕ್ಕಿಗೆ ಸಿಲಿಕಾದ ತೆಳುಪೊರೆ ಹೊದಿಸುತ್ತಾರೆ. ಲೇಪಕ್ಕೂ ರಕ್ಷಣೆಯ ಲೇಪ ಬೇಕಾಯಿತು.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕಕ್ಕೆ ಇಂಥ ಐದು ಹಾಳೆಗಳ ಚಪ್ಪರವಿದೆ. ಚಪ್ಪರದ ಆಚೆ ಉರಿಬಿಸಿಲು. ಈಚೆ, ಕನ್ನಡಿಗಳಿರುವ ಕಡೆ, ಸೊನ್ನೆಗಿಂತ 220 ಡಿಗ್ರಿಗೂ ಕೆಳಗಿನ ಚಳಿ. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ, ಉಡುಪಿ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಹಾರಿತು. ಅಂದಿನಿಂದ ಈ ವಿದ್ಯೆ ಕನ್ನಡದ ನೆಲದಲ್ಲಿಯೂ ಬೆಳೆದಿದೆ. 2023ರ ಜುಲೈ 14ರಂದು ಚಂದ್ರಯಾನ 3 ಹೊರಟಾಗ ಅದನ್ನು ಹೊತ್ತ ರಾಕೆಟ್ಟಿನ ಮೇಲಿನ ಹಂತದಲ್ಲಿ ಉರಿದದ್ದು ದ್ರವ ಜಲಜನಕ ಮತ್ತು ದ್ರವ ಆಮ್ಲಜನಕ; ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ವಿಕ್ರಮ್ ಮೈಗೆ ಹೊದ್ದದ್ದು ಹೊಳೆಯುವ ಹಾಳೆ. ಎರಡರಲ್ಲಿಯೂ ಡ್ಯೂವರ್ ಅವರ ದುಡಿಮೆಯ ಪಾಲಿದೆ. ಹದಿನಾಲ್ಕು ದಿನಗಳ ದೀರ್ಘ ರಾತ್ರಿ ಕವಿದ ಮೇಲೆ ವಿಕ್ರಮ್ ಮತ್ತೆ ಎಚ್ಚರಗೊಳ್ಳಲಿಲ್ಲ. ಯಾವ ಲೇಪವೂ ಶಾಖವನ್ನು ಹುಟ್ಟಿಸಲಾರದು. ಹೋಗುವುದನ್ನು ತಡಮಾಡಬಲ್ಲುದು, ಅಷ್ಟೆ. ಫ್ಲಾಸ್ಕಿನ ಕಾಫಿಯೂ ಕೊನೆಗೊಮ್ಮೆ ಆರುತ್ತದೆ.

ವಿದ್ಯಾರ್ಥಿಗಳೇ, ಈ ಬಾಳಿನಿಂದ ಎರಡು ಮಾತುಗಳನ್ನು ನೀವು ಗಂಟುಕಟ್ಟಿಕೊಳ್ಳಬೇಕೆಂದು ನಮ್ಮ ಆಸೆ. ರೋಗದಿಂದಲೋ ಬಡತನದಿಂದಲೋ ಶಾಲೆ ತಪ್ಪಿದ ದಿನಗಳು ವ್ಯರ್ಥವೇ ಆಗಬೇಕೆಂದಿಲ್ಲ. ಬಡಗಿಯ ಉಳಿ ಹಿಡಿದು ಕಲಿತದ್ದೂ ವಿದ್ಯೆಯೇ. ನಿಮ್ಮ ಮನೆಗಳಲ್ಲಿ ನೇಯುವವರು, ಕೆತ್ತುವವರು, ಹೊಲಿಯುವವರು ಇದ್ದರೆ ಅವರ ಬಳಿ ಕುಳಿತು ಕಲಿಯಿರಿ. ತಂದೆತಾಯಂದಿರೂ ಮಕ್ಕಳ ಕೈಕೆಲಸವನ್ನು ಓದಿಗೆ ಅಡ್ಡಿಯೆಂದು ಎಣಿಸದಿರಲಿ. ಎರಡನೆಯದು, ಜಾಣತನ ಎಷ್ಟೇ ಇದ್ದರೂ ಜೊತೆಗಾರರ ಸ್ನೇಹ ಬೇಕು. ಕೋಪ ಕಳೆದು ರಾಮ್ಸೆಯ ಬಾಗಿಲನ್ನು ಒಮ್ಮೆ ತಟ್ಟಿದ್ದರೆ ಹೀಲಿಯಮಿನ ಕಥೆ ಬೇರೆಯಾಗುತ್ತಿತ್ತೋ ಏನೋ. ಆದರೂ ಅವರ ಹೆಸರು ಉಳಿಯಿತು. ಅತಿ ತಣ್ಣನೆಯ ದ್ರವವನ್ನಿಡುವ ಪಾತ್ರೆಯನ್ನು ಜಗತ್ತಿನ ಪ್ರಯೋಗಶಾಲೆಗಳು ಇಂದಿಗೂ ಡ್ಯೂವರ್ ಎಂದೇ ಕರೆಯುತ್ತವೆ. ಹಸುಗಳ ಕೃತಕ ಗರ್ಭಧಾರಣೆಗೆ ಪಶುವೈದ್ಯರು ತರುವ ತಣ್ಣನೆಯ ಜಾಡಿಯೂ ಅದೇ ಜಾತಿಯದು. ಮುಂದಿನ ಸಲ ಅದನ್ನು ಕಂಡಾಗ, ಅದರ ಎರಡು ಗೋಡೆಗಳ ನಡುವೆ ಏನಿದೆ, ಏನಿಲ್ಲ ಎಂದು ಮನೆಯವರಿಗೆ ವಿವರಿಸಿ ಹೇಳಿ.